ಏವಿಯೇಷನ್‌ನಲ್ಲಿ ಪಿಜಿ: ಮ್ಯಾನೇಜ್‌ಮೆಂಟ್ ತಗೊಳ್ಳಲಾ, ಸೇಫ್ಟಿ ತಗೊಳ್ಳಲಾ? ಮುಂಬೈ, ಪುಣೆ, ಗೋವಾದವರು ಹೇಳಿ

ಮರೋಳ್ ನೈಟ್ ಶಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನೂರು ಕುಂದಾಪುರದ ಹತ್ತಿರ. ಬಿಎಸ್ಸಿ ಮುಗಿಸಿ ಮುಂಬೈಗೆ ಬಂದೆ. ಈಗ ಏರ್‌ಪೋರ್ಟಿನಲ್ಲಿ ಒಂದು ಗ್ರೌಂಡ್ ಹ್ಯಾಂಡ್ಲಿಂಗ್ ಏಜೆನ್ಸಿಯಲ್ಲಿ ಕೆಲಸ, ವಿಮಾನ ನಿಲ್ಲಿಸುವ ಜಾಗ ಅಂದರೆ ರ‍್ಯಾಂಪ್ ಕಡೆ. ವಿಮಾನ ಬಂದು ನಿಂತಾಗಿನಿಂದ ಮತ್ತೆ ಹೊರಡಲು ಅದನ್ನು ಹಿಂದಕ್ಕೆ ತಳ್ಳುವ (ಪುಷ್‌ಬ್ಯಾಕ್) ತನಕ ಅದರ ಸುತ್ತ ನಡೆಯುವ ಕೆಲಸವೆಲ್ಲ ನಮ್ಮದು.

ಮುಂದೆ ಓದಬೇಕು ಅಂತ ಆಸೆ. ಅಂಧೇರಿಯ ಒಂದು ಖಾಸಗಿ ಸಂಸ್ಥೆಯವರು ಏವಿಯೇಷನ್ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ ಮಾಡಿ ಅಂತ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇದೆಯಂತೆ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ. ಇನ್ನೊಂದು ಕಡೆ, ಏರ್ ಸೇಫ್ಟಿಯಲ್ಲೇ ಎಂಎಸ್ಸಿ ಮಾಡಬಹುದು ಅಂತ ಓದಿದೆ. ಅಪ್ಪ ಮಾತ್ರ ‘ಮಾಮೂಲಿ ಎಂಬಿಎ ಮಾಡು, ಎಲ್ಲಾದರೂ ನಡೆಯುತ್ತದೆ’ ಅನ್ನುತ್ತಾರೆ.

ಸೇಫ್ಟಿ ಕಡೆ ಮನಸ್ಸು ಹೋಗುವುದಕ್ಕೆ ಕಾರಣ ಇದೆ. ಮಳೆಗಾಲದ ಒಂದು ರಾತ್ರಿ, ವಿಮಾನ ತಡವಾಗಿ ಬಂದಿತ್ತು. ಹೊಟ್ಟೆಯ ಕೆಳಗಿನ ಕೆಂಪು ಬೀಕನ್ ಇನ್ನೂ ಮಿನುಗುತ್ತಿತ್ತು. ಅದು ಆರಿ, ಚಕ್ರ ಉರುಳದಂತೆ ಚೋಕ್ (ಅಡ್ಡಗಟ್ಟೆ) ಇಡುವ ತನಕ ಯಾವ ಗಾಡಿಯೂ ಹತ್ತಿರ ಹೋಗಬಾರದು. ನಮಗೆ ಮೊದಲು ಕಲಿಸುವ ಪಾಠವೇ ಅದು. ಬ್ಯಾಗ್ ಇಳಿಸುವ ಗಾಡಿ, ಬೆಲ್ಟ್ ಲೋಡರ್ ಓಡಿಸುವ ಹುಡುಗ ಅವಸರದಲ್ಲಿ ಗಾಡಿ ಮುಂದಕ್ಕೆ ತಂದ. ಇಂಜಿನ್ ಪೂರ್ತಿ ನಿಂತಿರಲಿಲ್ಲ. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹಜಾರ್ಡ್ ರಿಪೋರ್ಟ್ ಬರೆಯುತ್ತೇನೆ ಅಂದಾಗ ಸೂಪರ್‌ವೈಸರ್, ‘ಏನೂ ಆಗಿಲ್ಲವಲ್ಲ, ಸುಮ್ನೆ ಯಾಕೆ ಆ ಹುಡುಗನ ಹೊಟ್ಟೆ ಮೇಲೆ ಹೊಡೆಯುತ್ತೀಯ’ ಅಂದರು. ಆ ಮಾತು ತಲೆಯಿಂದ ಹೋಗುತ್ತಿಲ್ಲ. ಇಂಥದ್ದನ್ನು ಸರಿ ಮಾಡಲು ಯಾವ ಓದು ಓದಬೇಕು?

ಡೊಂಬಿವಲಿ ಶೆಟ್ರು

ಒಳ್ಳೆ ಪ್ರಶ್ನೆ ಮಗಾ. ನನ್ನ ಮಗನೂ ಇದೇ ಹೇಳುತ್ತಿದ್ದಾನೆ, ಅದಕ್ಕೇ ಕೂತು ಓದುತ್ತಿದ್ದೇನೆ. ನನ್ನ ಭಯ ಒಂದೇ. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ನಿಂತಾಗ ನಮ್ಮ ಬಿಲ್ಡಿಂಗಿನಲ್ಲೇ ಕೆಲಸ ಕಳಕೊಂಡವರಿದ್ದರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ಕೂಡ ನಿಂತಿತು. ಲಕ್ಷಗಟ್ಟಲೆ ಸಾಲ ಮಾಡಿ ಓದಿಸಿದ ಮೇಲೆ ಕಂಪನಿಯೇ ಮುಚ್ಚಿದರೆ ಕಂತು ಕಟ್ಟುವವರು ಯಾರು? ತಿಳಿದವರು ಇದನ್ನೂ ಹೇಳಿ.

ವಿಲೇಪಾರ್ಲೆ ಇಂಜಿನಿಯರ್

ತಂಗಿ, ಮೊದಲು ಅಂಧೇರಿಯ ಫೋನಿನ ವಿಷಯ ಮುಗಿಸಿಬಿಡೋಣ. ಡಿಜಿಸಿಎ ಒಪ್ಪಿಗೆ ಕೊಡುವುದು ಫ್ಲೈಯಿಂಗ್ ಸ್ಕೂಲ್, ವಿಮಾನ ರಿಪೇರಿ ಕಲಿಸುವ ಎಎಂಇ ಶಾಲೆ, ಡೇಂಜರಸ್ ಗೂಡ್ಸ್ (ಅಪಾಯಕಾರಿ ಸರಕು) ತರಬೇತಿ, ಇಂಥವಕ್ಕೆ. ಎಂಬಿಎಗೂ ಮ್ಯಾನೇಜ್‌ಮೆಂಟ್ ಡಿಪ್ಲೊಮಾಕ್ಕೂ ಅದು ಮಾನ್ಯತೆ ಕೊಡುವುದಿಲ್ಲ. ಅಲ್ಲಿ ನೋಡಬೇಕಾದದ್ದು ಯುಜಿಸಿ ಮತ್ತು ಎಐಸಿಟಿಇ ಮಾನ್ಯತೆ. ಪ್ಲೇಸ್‌ಮೆಂಟ್ ಪಟ್ಟಿ ಕೇಳಿ. ಕಂಪನಿ ಹೆಸರು ಬಿಟ್ಟು ಹುದ್ದೆಯ ಹೆಸರು ಓದಿ. ನೀವು ಈಗ ಮಾಡುತ್ತಿರುವ ಕೆಲಸವೇ ಅಲ್ಲಿದ್ದರೆ, ಇರುವ ಕೆಲಸಕ್ಕೆ ಮತ್ತೆ ಫೀಸು ಕಟ್ಟಿದ ಹಾಗೆ ಆಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಾನು ಹ್ಯಾಂಗರ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮ್ಯಾನೇಜ್‌ಮೆಂಟ್ ಒಂದು ಕಡೆ, ಸೇಫ್ಟಿ ಇನ್ನೊಂದು ಕಡೆ ಅಂತ ಬೇರೆ ಮಾಡಿ ಕಲಿಸುವ ಕೋರ್ಸ್ ನನಗೆ ಹಿಡಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕರಾವಳಿಯವರು 2010ರ ಮೇ 22 ಮರೆಯುವುದಿಲ್ಲ. ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಪೈಲಟ್ ತಪ್ಪು ಅಂತ ಊರೆಲ್ಲ ಮಾತಾಡಿತು. ತನಿಖಾ ವರದಿ ಓದಿದರೆ ಬೇರೆ ಬೇರೆ ಎಳೆಗಳು ಕಾಣುತ್ತವೆ. ಕ್ಯಾಪ್ಟನ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದರು, ಗೊರಕೆ ವಾಯ್ಸ್ ರೆಕಾರ್ಡರ್‌ನಲ್ಲಿ ದಾಖಲಾಗಿದೆ. ಎದ್ದಾಗ ಮಂಪರು. ವಿಮಾನ ಇರಬೇಕಾದ್ದಕ್ಕಿಂತ ಮೇಲಿತ್ತು. ಫಸ್ಟ್ ಆಫೀಸರ್ (ಕಿರಿಯ ಪೈಲಟ್) ಗೋ ಅರೌಂಡ್, ಅಂದರೆ ಇಳಿಸದೆ ಮತ್ತೆ ಮೇಲಕ್ಕೆ ಹೋಗೋಣ, ಅಂತ ಮೂರು ಸಲ ಹೇಳಿದರು. ಆದರೂ ಕ್ಯಾಪ್ಟನ್ ಇಳಿಸಿದರು. ಹಾಗಾದರೆ ರಾತ್ರಿ ಡ್ಯೂಟಿಯ ರೋಸ್ಟರ್ ಮಾಡುವವರು ದಣಿವನ್ನು ಲೆಕ್ಕಕ್ಕೆ ತಗೊಳ್ಳುತ್ತಾರಾ? ಕಿರಿಯ ಪೈಲಟ್ ಹಿರಿಯರ ಕೈಯಿಂದ ಕಂಟ್ರೋಲ್ ತಗೊಳ್ಳುವಷ್ಟು ಧೈರ್ಯ ಕೊಡುವ ತರಬೇತಿ ಇದೆಯಾ? ಇವೆರಡಕ್ಕೂ ಉತ್ತರ ಕೊಡಬೇಕಾದವರು ಆಫೀಸಿನಲ್ಲಿ ಇರುತ್ತಾರೆ.

2013ರಲ್ಲಿ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋ, ಸೇಫ್ಟಿಗೇ ಅಂತ ಅನೆಕ್ಸ್ 19 ಅನ್ನುವ ನಿಯಮಾವಳಿ ತಂದದ್ದೂ ಇದಕ್ಕೇ. ಅದರ ತಿರುಳು ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ನಾವು ಎಸ್‌ಎಂಎಸ್ ಅನ್ನುವುದು. ನೀತಿ, ಅಪಾಯ ಅಳೆಯುವುದು, ಅಳೆದದ್ದು ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು, ಎಲ್ಲರಿಗೂ ಕಲಿಸುವುದು, ಹೀಗೆ ನಾಲ್ಕು ಭಾಗ. ಅದರಲ್ಲಿ ಮೊದಲನೆಯದಕ್ಕೆ ಸಹಿ ಹಾಕುವವರು ಕಂಪನಿಯ ಮುಖ್ಯಸ್ಥರು. ದುಡ್ಡು, ಜನ, ಸಮಯ ಮೂರೂ ಅವರ ಕೈಯಲ್ಲಿ ಇರುತ್ತವೆ, ಅದಕ್ಕೆ.

ವಿಮಾನ್‌ನಗರ, ಪುಣೆ

ಸರ್ ಹೇಳಿದ್ದು ಸರಿ. ನಾನು ವಿಜಯಪುರದವಳು, ಇಂಗ್ಲೆಂಡಿನಲ್ಲಿ ಸೇಫ್ಟಿಯಲ್ಲಿ ಎಂಎಸ್ಸಿ ಮಾಡಿ ಈಗ ಪುಣೆಯಿಂದ ಸೇಫ್ಟಿ ಡೇಟಾ ಕೆಲಸ ಮಾಡುತ್ತಿದ್ದೇನೆ. ಕ್ಲಾಸಿನಲ್ಲಿ ಏನು ಕಲಿಸುತ್ತಾರೆ ಅಂತ ಹೇಳುವುದಕ್ಕಿಂತ ನಿಮ್ಮ ಬೆಲ್ಟ್ ಲೋಡರ್ ವಿಷಯವನ್ನೇ ಹಿಡಿದು ತೋರಿಸುತ್ತೇನೆ.

ಐಕಾವೋದ ರಿಸ್ಕ್ ಮ್ಯಾಟ್ರಿಕ್ಸ್ ಅಂತ ಒಂದು ಕೋಷ್ಟಕ ಇದೆ. ಎಷ್ಟು ಸಲ ಆಗಬಹುದು ಅನ್ನುವುದಕ್ಕೆ 1ರಿಂದ 5. ಆದಾಗ ಎಷ್ಟು ಕೆಟ್ಟದಾಗಬಹುದು ಅನ್ನುವುದಕ್ಕೆ ‘ಎ’ಯಿಂದ ‘ಇ’. ‘ಎ’ ಅಂದರೆ ವಿಮಾನ ನಾಶ, ಹಲವರ ಸಾವು. ತಿರುಗುತ್ತಿರುವ ಇಂಜಿನ್ ಹತ್ತಿರ ಗಾಡಿ, ಮನುಷ್ಯ ಹೋಗುವುದಕ್ಕೆ ‘ಬಿ’ ಅನ್ನೋಣ. ಈಗ ಅಂಕಿ ಹಾಕಬೇಕು. ರಿಪೋರ್ಟ್ ಒಂದೂ ಬಂದಿಲ್ಲದಿದ್ದರೆ ಮೀಟಿಂಗಿನಲ್ಲಿ ಕೂತವರು ‘ಇದು ಅಪರೂಪ’ ಅಂತ 3 ಹಾಕುತ್ತಾರೆ. 3ಬಿ ಹಳದಿ ಬಣ್ಣದಲ್ಲಿ ಬೀಳುತ್ತದೆ. ಕ್ರಮ ತಗೊಂಡು ಕೆಲಸ ಮುಂದುವರಿಸಬಹುದು. ರ‍್ಯಾಂಪಿನವರು ಕಂಡದ್ದನ್ನೆಲ್ಲ ಬರೆದಿದ್ದರೆ ಅದೇ ವಿಷಯಕ್ಕೆ 4 ಬೀಳುತ್ತಿತ್ತು. 4ಬಿ ಕೆಂಪು. ಹಾಗೇ ಮುಂದುವರಿಸಲು ಬರುವುದಿಲ್ಲ, ವಿಧಾನ ಬದಲಾಗಲೇಬೇಕು. ನಿಮ್ಮ ಸೂಪರ್‌ವೈಸರ್ ‘ಬೇಡ’ ಅಂದ ಆ ರಾತ್ರಿ ಈ 4, 3 ಆಯಿತು ರೀ. ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಮುಂದಿನ ಹೆಜ್ಜೆ, ಹುಡುಗ ಯಾಕೆ ಅವಸರ ಮಾಡಿದ? ವಿಮಾನ ತಡ, ಬ್ಯಾಗ್ ಇಳಿಸಲು ಸಿಗುವ ಸಮಯ ಕಡಿಮೆ, ಅವನು ಆಮೇಲೆ ವಿಮಾನ ನಿಲ್ಲುವ ಇನ್ನೊಂದು ಜಾಗಕ್ಕೆ (ಬೇ) ಓಡಬೇಕು. ಒಂದು ಲೋಡರ್‌ಗೆ ಎಷ್ಟು ಬೇ ಹಂಚಿದ್ದಾರೆ? ಮಳೆಯಲ್ಲಿ ಬೀಕನ್ ಬೆಳಕು ನೆಲದ ನೀರಲ್ಲಿ ಹೊಳೆದು ಗೊಂದಲ ಮಾಡಿತಾ? ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ಮಾದರಿ ಅಂತ ಓದುತ್ತೀರಿ. ಎದುರಿಗೆ ಕಾಣುವ ತಪ್ಪಿನ ಹಿಂದೆ ಸಂಸ್ಥೆಯೊಳಗೆ ಮೊದಲೇ ಇದ್ದ ದೋಷಗಳನ್ನು ಒಂದೊಂದಾಗಿ ಹುಡುಕುವುದು. ಅದನ್ನು ಹುಡುಕಲು ಒಂದಿಷ್ಟು ಸ್ಟ್ಯಾಟಿಸ್ಟಿಕ್ಸ್, ಮನುಷ್ಯನ ದೇಹ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವ ಹ್ಯೂಮನ್ ಫ್ಯಾಕ್ಟರ್ಸ್, ಅಪಘಾತ ತನಿಖೆ, ಕಾನೂನು ಇಷ್ಟು ಬೇಕು. ಎಂಎಸ್ಸಿಯ ತಿರುಳು ಇದೇ.

ರಿಪೋರ್ಟಿನಲ್ಲಿ ಹುಡುಗನ ಹೆಸರು ಬೇಡವೇ ಬೇಡ. ಪ್ರಾಮಾಣಿಕ ತಪ್ಪಿಗೆ ಶಿಕ್ಷೆ ಇಲ್ಲ, ಬೇಕಂತಲೇ ಮಾಡಿದ್ದಕ್ಕೆ ಇದೆ, ಇದನ್ನು ಜಸ್ಟ್ ಕಲ್ಚರ್ ಅನ್ನುತ್ತಾರೆ. ಏಜೆನ್ಸಿಯೊಳಗೆ ದಾರಿ ಮುಚ್ಚಿದ್ದರೆ ಡಿಜಿಸಿಎಗೆ ನೇರವಾಗಿ ವಾಲಂಟರಿ ರಿಪೋರ್ಟ್ ಕಳಿಸಬಹುದು.

ಮರೋಳ್ ನೈಟ್ ಶಿಫ್ಟ್

ಅಕ್ಕ, ಇದನ್ನು ಎರಡು ಸಲ ಓದಿದೆ. ನೀರಲ್ಲಿ ಬೀಕನ್ ಹೊಳೆಯುವುದು ನಿಜ, ನಾವೆಲ್ಲ ನೋಡಿದ್ದೇವೆ, ಯಾರೂ ಬರೆದಿಲ್ಲ. ನನಗೆ ಗಣಿತ ಪರವಾಗಿಲ್ಲ. ಆದರೆ ಪೈಲಟ್ ಅಲ್ಲದವರನ್ನು, ಇಂಜಿನಿಯರ್ ಅಲ್ಲದವರನ್ನು ಸೇಫ್ಟಿ ಕೆಲಸಕ್ಕೆ ತಗೊಳ್ಳುತ್ತಾರಾ?

ಕಲೀನಾ ಪ್ಲಾನಿಂಗ್

ನಾನು ಎಂಬಿಎ ಮಾಡಿ ಒಂದು ಏರ್‌ಲೈನ್‌ನ ನೆಟ್‌ವರ್ಕ್ ಪ್ಲಾನಿಂಗ್‌ನಲ್ಲಿದ್ದೇನೆ. ಮ್ಯಾನೇಜ್‌ಮೆಂಟ್ ಓದಿನ ಪರವಾಗಿ ಯಾರಾದರೂ ಮಾತಾಡಬೇಕಲ್ವಾ.

ಮುಂಬೈ ಏರ್‌ಪೋರ್ಟ್ ನೋಡಿ. ಎರಡು ರನ್‌ವೇ ಇದ್ದರೂ ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದನ್ನೇ ಬಳಸುತ್ತಾರೆ. ಅಷ್ಟರಲ್ಲೇ 2018ರಲ್ಲಿ ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನ ಏರಿಳಿದವು. ಇಂಥ ಕಡೆ ಒಂದು ಸ್ಲಾಟ್, ಅಂದರೆ ವಿಮಾನ ಇಳಿಸಲು ಏರಿಸಲು ಸಿಗುವ ನಿಗದಿತ ಸಮಯ, ಚಿನ್ನದ ಹಾಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ರನ್‌ವೇ ಮುಚ್ಚಿ ರಿಪೇರಿ ಮಾಡುತ್ತಾರೆ. ಅದಕ್ಕಾಗಿ ತಿಂಗಳುಗಟ್ಟಲೆ ಮೊದಲೇ ವೇಳಾಪಟ್ಟಿ ಬದಲಿಸುವವರು ನಮ್ಮಂಥವರು. 2019ರ ಜುಲೈ 1ರ ರಾತ್ರಿ ಮಳೆಯಲ್ಲಿ ಜೈಪುರದ ವಿಮಾನ ಮುಖ್ಯ ರನ್‌ವೇ ದಾಟಿ ಕೆಸರಿಗೆ ಹೋಯಿತಲ್ಲ, ಆಮೇಲೆ ಹಲವು ದಿನ ಆ ರನ್‌ವೇ ಬಂದ್. ಒಂದು ಸೇಫ್ಟಿ ಘಟನೆಯಿಂದ ಎಷ್ಟು ಸಾವಿರ ಜನರ ಪ್ರಯಾಣ ಹಾಳಾಗುತ್ತದೆ, ಎಷ್ಟು ಹಣ ಹೋಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಲು ಮ್ಯಾನೇಜ್‌ಮೆಂಟ್ ಓದು ಬೇಕು. ಇನ್ನೊಂದು ಲೋಡರ್ ಕೊಳ್ಳಿ ಅಂತ ಸೇಫ್ಟಿಯವರು ಹೇಳುತ್ತಾರೆ. ಕೊಂಡರೆ ಏನು ಉಳಿಯುತ್ತದೆ ಅಂತ ಫೈನಾನ್ಸ್‌ನವರಿಗೆ ಅವರ ಭಾಷೆಯಲ್ಲಿ ಹೇಳದಿದ್ದರೆ ಆ ಫೈಲು ಮುಂದೆ ಹೋಗುವುದಿಲ್ಲ.

ದೇಶದೊಳಗೆ ಅಂದರೆ ಡೆಹ್ರಾಡೂನ್‌ನ ಯುಪಿಇಎಸ್‌ನಲ್ಲಿ ಏವಿಯೇಷನ್ ಎಂಬಿಎ ಇದೆ. ಅನುಭವ ಇದ್ದವರಿಗೆ ಐಐಎಂ ಬೆಂಗಳೂರು, ಟೂಲೂಸ್‌ನ ಬಿಸಿನೆಸ್ ಸ್ಕೂಲ್ ಜೊತೆ ಸೇರಿ ಕೋರ್ಸ್ ನಡೆಸಿದೆ. ಎಲ್ಲಿಯೇ ಆದರೂ ಸಿಲಬಸ್ ತರಿಸಿ ನೋಡಿ. ಸೇಫ್ಟಿ ಅಂತ ಒಂದೇ ಒಂದು ಪೇಪರ್, ಅದೂ ಬರೀ ವ್ಯಾಖ್ಯೆಗಳು ಇದ್ದರೆ ನಿಮಗೆ ಸಾಲುವುದಿಲ್ಲ.

ಮೋಪಾ ಡ್ಯೂಟಿ

ಗೋವಾದಿಂದ. ಪೈಲಟ್ ಅಲ್ಲದವರನ್ನು ತಗೊಳ್ಳುತ್ತಾರಾ ಅಂತ ಕೇಳಿದಿರಿ. ಏರ್‌ಪೋರ್ಟ್ ಕಡೆ ಧಾರಾಳವಾಗಿ ತಗೊಳ್ಳುತ್ತಾರೆ. ನಾನು ಕಾರವಾರದವನು, ಏರ್‌ಸೈಡ್ ಆಪರೇಷನ್ಸ್‌ನಲ್ಲಿದ್ದೇನೆ, ಅಂದರೆ ರನ್‌ವೇ ಇರುವ ಒಳಭಾಗದ ಕೆಲಸ, ವಿಮಾನ ಓಡಿಸಲು ನನಗೆ ಬರುವುದಿಲ್ಲ.

ಕೆಲಸ ಏನು ಅಂತ ಒಂದು ಉದಾಹರಣೆ. ಕೊಂಕಣದ ಮಳೆ ನಿಮಗೆ ಗೊತ್ತು. ಸುರಿದು ನಿಂತ ಕೂಡಲೇ ಜೀಪ್ ತಗೊಂಡು ರನ್‌ವೇಗೆ ಇಳಿಯುತ್ತೇವೆ. ರನ್‌ವೇಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ಒಂದೊಂದಕ್ಕೂ ಅಂಕಿ ಕೊಡಬೇಕು. ಒಣಗಿದ್ದರೆ 6, ಒದ್ದೆ ಇದ್ದರೆ 5. ನೀರು 3 ಮಿಲಿಮೀಟರ್ ದಾಟಿ ನಿಂತಿದ್ದರೆ ನೇರ 2ಕ್ಕೆ ಇಳಿಯುತ್ತದೆ. ಐದು, ಐದು, ಎರಡು ಅಂತ ಟವರ್‌ಗೆ ಹೇಳಿದರೆ, ಇಳಿಯಲು ಬರುತ್ತಿರುವ ಪೈಲಟ್‌ಗೆ ಕೊನೆಯ ಭಾಗದಲ್ಲಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ ಅಂತ ಗೊತ್ತಾಗುತ್ತದೆ. ಈ ಪದ್ಧತಿ ಜಗತ್ತಿಗೆಲ್ಲ ಒಂದೇ, 2021ರ ನವೆಂಬರ್ 4ರಿಂದ ಜಾರಿಗೆ ಬಂತು. ಟಾರ್ಚ್ ಹಿಡಿದು ಬಗ್ಗಿ ನೀರು ನೋಡುವ ನಮ್ಮ ಅಂಕಿಯ ಮೇಲೆ ಅವರು ತೀರ್ಮಾನ ಮಾಡುತ್ತಾರೆ. ಮೇಲಿಂದ ಅವಸರ ಮಾಡಿದರೂ ನಾನು ಆ ಮೂರನೇ ಭಾಗ ಪೂರ್ತಿ ನೋಡದೆ ಹೊರಗೆ ಬರುವುದಿಲ್ಲ. ಮಾಡಿ ನೋಡಿ ಮಾರಾಯ್ರೆ, ಈ ಕೆಲಸದ ಮೇಲೆ ಪ್ರೀತಿ ಬರುತ್ತದೆ.

ಗೋವಾದ ಹೊಸ ಏರ್‌ಪೋರ್ಟ್ ಮೋಪಾ 2023ರ ಜನವರಿ 5ಕ್ಕೆ ಶುರುವಾಯಿತು. ಗೋವಾದ ಹಳೆಯ ಏರ್‌ಪೋರ್ಟ್ ದಾಬೋಲಿಂ ನೌಕಾಪಡೆಯದು, ಪುಣೆಯ ಲೋಹೆಗಾಂವ್ ವಾಯುಪಡೆಯದು, ಅಲ್ಲಿ ರನ್‌ವೇ ಅವರ ಕೈಯಲ್ಲಿ. ಮೋಪಾ ಪೂರ್ತಿ ನಾಗರಿಕ ವಿಮಾನ ನಿಲ್ದಾಣ, ಹಾಗಾಗಿ ರನ್‌ವೇ ತಪಾಸಣೆ, ಹಕ್ಕಿ ಕಾಟ, ಅಗ್ನಿಶಾಮಕ ಎಲ್ಲವೂ ಏರ್‌ಪೋರ್ಟಿನವರದೇ. 2025ರ ಡಿಸೆಂಬರ್ 25ರಿಂದ ನವಿ ಮುಂಬೈಯೂ ಈ ಸಾಲಿಗೆ ಸೇರಿತು.

ಕೇಂದ್ರ ಸರ್ಕಾರದ ರಾಜೀವ್ ಗಾಂಧಿ ನ್ಯಾಷನಲ್ ಏವಿಯೇಷನ್ ಯೂನಿವರ್ಸಿಟಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ. ಅಲ್ಲಿ ಏರ್‌ಪೋರ್ಟ್ ನಡೆಸುವ ಜಿಎಂಆರ್ ಕಂಪನಿ ಜೊತೆ ಸೇರಿ ನಡೆಸುವ ಏರ್‌ಪೋರ್ಟ್ ಆಪರೇಷನ್ಸ್ ಪಿಜಿ ಡಿಪ್ಲೊಮಾ ಇದೆ. ಊರು ದೂರ, ಚಳಿ ಜಾಸ್ತಿ, ಆದರೆ ಖಾಸಗಿ ಡಿಪ್ಲೊಮಾಗಳಿಗಿಂತ ನನಗೆ ಅದರ ಮೇಲೆ ನಂಬಿಕೆ.

ಡೊಂಬಿವಲಿ ಶೆಟ್ರು

ನೀರಿನ ಅಂಕಿಯ ವಿಷಯ ನನಗೆ ಹೊಸದು, ಥ್ಯಾಂಕ್ಸ್. ನನ್ನ ಸಾಲದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ವಿಮಾನ್‌ನಗರ, ಪುಣೆ

ಶೆಟ್ರೇ, ಹೇಳುತ್ತೇನೆ. ಕ್ರ್ಯಾನ್‌ಫೀಲ್ಡ್, ಲಂಡನ್‌ನ ಸಿಟಿ ಸೇಂಟ್ ಜಾರ್ಜಸ್, ಫ್ರಾನ್ಸ್‌ನ ಎನಾಕ್, ಅಮೆರಿಕದ ಎಂಬ್ರಿ ರಿಡಲ್, ಇವು ಈ ಕ್ಷೇತ್ರದವರ ಬಾಯಲ್ಲಿ ಬರುವ ವಿದೇಶಿ ಕಾಲೇಜುಗಳ ಹೆಸರುಗಳು. ಫೀಸು, ಅಲ್ಲಿಯ ಖರ್ಚು ಸೇರಿದರೆ ದೊಡ್ಡ ಮೊತ್ತವೇ. ಅನುಭವ ಇಲ್ಲದೆ, ಪೂರ್ತಿ ಸಾಲದ ಮೇಲೆ ಹೋಗುವುದು ಬೇಡ ಅಂತ ನನ್ನ ನೇರ ಅಭಿಪ್ರಾಯ. ಬ್ರಿಟನ್‌ನಲ್ಲಿ ಓದಿದ ಮೇಲೆ ಉಳಿಯುವ ವೀಸಾ ಎರಡು ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಏರ್‌ಸೈಡ್ ಪಾಸ್‌ಗೆ ಹಿಂದಿನ ಐದು ವರ್ಷದ ದಾಖಲೆ ಕೇಳುತ್ತಾರೆ. ಅಲ್ಲೇ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಸಾಲ ಮಾಡಬಾರದು.

ಸಿಟಿ ಸೇಂಟ್ ಜಾರ್ಜಸ್‌ನ ಏರ್ ಸೇಫ್ಟಿ ಕೋರ್ಸ್ ಕೆಲಸದಲ್ಲಿ ಇರುವವರಿಗಾಗಿಯೇ ಮಾಡಿದ್ದು. ಎಂಬ್ರಿ ರಿಡಲ್‌ನದು ಆನ್‌ಲೈನ್ ಇದೆ. ಸಂಬಳ ನಿಲ್ಲುವುದಿಲ್ಲ, ಓದಿದ್ದನ್ನು ಮರುದಿನವೇ ರ‍್ಯಾಂಪಿನಲ್ಲಿ ನೋಡಬಹುದು. ಕಂಪನಿ ಮುಚ್ಚಿದರೆ ಅಂತ ಕೇಳಿದಿರಿ. ಎಸ್‌ಎಂಎಸ್ ಏರ್‌ಲೈನ್‌ಗೂ ಬೇಕು, ಏರ್‌ಪೋರ್ಟಿಗೂ ಬೇಕು, ವಿಮಾನ ರಿಪೇರಿ ಮಾಡುವ ಕಂಪನಿಗೂ ಬೇಕು. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ಹೋಗಲು ದಾರಿ ಇರುತ್ತದೆ. ಏರ್‌ಲೈನ್‌ಗಳಲ್ಲಿ ಫ್ಲೈಟ್ ಸೇಫ್ಟಿಯ ಮೇಲಿನ ಹುದ್ದೆ ಅನುಭವಿ ಪೈಲಟ್‌ಗಳಿಗೇ ಹೋಗುತ್ತದೆ, ಅದನ್ನು ಮೊದಲೇ ತಿಳಿದಿರಿ. ನಮ್ಮಂಥವರಿಗೆ ಗ್ರೌಂಡ್ ಸೇಫ್ಟಿ, ಆಡಿಟ್, ಡೇಟಾ ಇವುಗಳಲ್ಲಿ ಜಾಗ.

ಡೊಂಬಿವಲಿ ಶೆಟ್ರು

ಕೆಲಸ ಮಾಡುತ್ತಾ ಓದುವುದು ಮುಂಬೈ ಕನ್ನಡಿಗರಿಗೆ ಹೊಸತಲ್ಲ. ನಮ್ಮ ಹಿಂದಿನವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದವರು. ಮಗನಿಗೆ ಮೊದಲು ಕೆಲಸಕ್ಕೆ ಸೇರು, ಆಮೇಲೆ ಓದು ಅಂತ ಹೇಳುತ್ತೇನೆ.

ವಿಲೇಪಾರ್ಲೆ ಇಂಜಿನಿಯರ್

ಕಲೀನಾದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2025ರ ಡಿಸೆಂಬರ್ ಮೊದಲ ವಾರ ನೆನಪಿದೆ ಅಲ್ವಾ? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2024ರ ಜನವರಿಯಲ್ಲೇ ಬಂದಿತ್ತು. ವಾರದ ರಜೆ 36 ಗಂಟೆಯಿಂದ 48 ಗಂಟೆ. ರಾತ್ರಿ ಅಂದರೆ ಬೆಳಗ್ಗೆ 6ರ ತನಕ. ರಾತ್ರಿ ಇಳಿಸುವುದು ಎರಡೇ ಸಲ. ಎರಡನೇ ಹಂತ 2025ರ ನವೆಂಬರ್ 1ಕ್ಕೆ ಜಾರಿ ಆಯಿತು. ಒಂದೇ ತಿಂಗಳಲ್ಲಿ ಇಂಡಿಗೋದ ಸಾವಿರಾರು ಫ್ಲೈಟ್ ರದ್ದಾದವು. ಮದುವೆಗೆ, ಆಸ್ಪತ್ರೆಗೆ ಹೊರಟವರು ಏರ್‌ಪೋರ್ಟಿನ ನೆಲದ ಮೇಲೆ ಮಲಗಿದರು. ಕೊನೆಗೆ ಡಿಜಿಸಿಎ ಆ ಕಂಪನಿಗೆ ಫೆಬ್ರವರಿ ತನಕ ವಿನಾಯಿತಿ ಕೊಡಬೇಕಾಯಿತು.

ದಣಿದ ಪೈಲಟ್‌ನಿಂದ ಏನಾಗಬಹುದು ಅಂತ ಮಂಗಳೂರಿನಲ್ಲಿ ನೋಡಿದ ದೇಶ ನಮ್ಮದು. ವಿಶ್ರಾಂತಿ ನಿಯಮ ಸುಮ್ನೆ ಬಂದದ್ದಲ್ಲ. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಮೊದಲೇ ತಗೊಳ್ಳುವುದು ಶುದ್ಧ ಮ್ಯಾನೇಜ್‌ಮೆಂಟ್ ಕೆಲಸ. ಯಾವ ಸಂಸ್ಥೆಯ ಕ್ಲಾಸಿನಲ್ಲಿ ಈ ಒಂದು ಘಟನೆಯನ್ನು ನಿಯಮ, ನಿದ್ದೆ, ನೇಮಕಾತಿ, ಖರ್ಚು ನಾಲ್ಕೂ ಕಡೆಯಿಂದ ಬಿಡಿಸಿ ಕಲಿಸುತ್ತಾರೋ ಅಲ್ಲಿ ಸೇರಿ ತಂಗಿ. ಹೆಸರು ಎಂಬಿಎ ಇರಲಿ, ಎಂಎಸ್ಸಿ ಇರಲಿ. ಸೇರುವ ಮೊದಲು ಪಾಠ ಮಾಡುವವರಿಗೇ ಫೋನ್ ಮಾಡಿ ಇದನ್ನು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಖರ್ಚಿಲ್ಲದ ಓದು ಇವತ್ತೇ ಶುರು ಮಾಡಿ. ಐಕಾವೋದ ಸೇಫ್ಟಿ ಮ್ಯಾನೇಜ್‌ಮೆಂಟ್ ಮ್ಯಾನ್ಯುಯಲ್, ಡಾಕ್ಯುಮೆಂಟ್ 9859, ನಾಲ್ಕನೇ ಆವೃತ್ತಿ. ಜೊತೆಗೆ ಮಂಗಳೂರು ವರದಿ, 2020ರ ಕೋಯಿಕ್ಕೋಡ್ ಅಪಘಾತದ ವರದಿ. ಎರಡೂ ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ತಲೆಯ ಮೇಲಿನವು, ಹತ್ತು ವರ್ಷದ ಅಂತರ. ಮೊದಲನೆಯದರ ಶಿಫಾರಸುಗಳನ್ನು ಪಕ್ಕದಲ್ಲಿಟ್ಟುಕೊಂಡು ಎರಡನೆಯದನ್ನು ಓದಿ. ನನಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಮರೋಳ್ ನೈಟ್ ಶಿಫ್ಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಧೇರಿಯವರಿಗೆ ಬೇಡ ಅಂದೆ. ಕೆಲಸ ಬಿಡುವುದಿಲ್ಲ. ನಮ್ಮ ಏಜೆನ್ಸಿಯ ಸೇಫ್ಟಿ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಡುತ್ತೇನೆ. ಅದು ಸಿಕ್ಕಿ ಸ್ವಲ್ಪ ಅನುಭವ ಆದ ಮೇಲೆ ಕೆಲಸದ ಜೊತೆ ಮಾಡುವ ಎಂಎಸ್ಸಿ. ಅಪ್ಪನಿಗೆ ಹೇಳಿದೆ, ‘ಸಂಬಳ ಬರುತ್ತಲೇ ಇರುತ್ತದೆ ಅಂದರೆ ಸರಿ’ ಅಂದರು. ಅಕ್ಕ, ಕಾಲೇಜಿಗೆ ಬರೆಯುವ ಸ್ಟೇಟ್‌ಮೆಂಟ್‌ನಲ್ಲಿ ಈ ಲೋಡರ್ ವಿಷಯ ಹಾಕಬಹುದಾ?

ವಿಮಾನ್‌ನಗರ, ಪುಣೆ

ಹಾಕಿ, ಅದನ್ನೇ ಮೊದಲು ಹಾಕಿ. ಏಜೆನ್ಸಿ ಹೆಸರು, ಫ್ಲೈಟ್ ನಂಬರ್, ಯಾರ ಹೆಸರೂ ಬೇಡ. ಏನು ನೋಡಿದಿರಿ, ಯಾಕೆ ಹಾಗಾಯಿತು ಅಂತ ನಿಮಗೆ ಅನಿಸುತ್ತದೆ, ಖಚಿತ ಮಾಡಿಕೊಳ್ಳಲು ಯಾವ ಡೇಟಾ ಬೇಕಿತ್ತು, ಇಷ್ಟು ಬರೆಯಿರಿ. ಒಂದು ಪುಟ ದಾಟಬೇಡಿ. ಬರೆದು ನನಗೆ ಕಳಿಸಿ, ಭಾನುವಾರ ಕೂತು ನೋಡೋಣ. ವರ್ಗದ ಅರ್ಜಿಗೆ ನಿಮ್ಮ ಡೇಂಜರಸ್ ಗೂಡ್ಸ್ ಸರ್ಟಿಫಿಕೇಟ್ ಲಗತ್ತಿಸಿ. 24 ತಿಂಗಳು ದಾಟಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳಿ.